ನಾಯಿ ಕಡಿತ: ಗಾಯಕ್ಕೆ ಮದ್ದು, ನಷ್ಟಕ್ಕೆ ಪರಿಹಾರ



ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ತೋಟದ ವಸ್ತಿಗಳಲ್ಲಿ ನಾಯಿ ಇಲ್ಲದ ಮನೆ ಸಿಗುವುದು ಅಪರೂಪ. ಘಟಪ್ರಭಾ, ಹಿರಣ್ಯಕೇಶಿ ನದಿಗಳ ನೀರು ಹರಿದಲ್ಲೆಲ್ಲ ಕಬ್ಬು, ಗೋವಿನಜೋಳ ಎದ್ದು ನಿಂತಿವೆ. ಬೆಳೆಗೆ ಕಾವಲು ಬೇಕು, ಮೋಟಾರು ಪಂಪಿಗೆ ಕಾವಲು ಬೇಕು, ಕುರಿದಡ್ಡಿಗಂತೂ ನಾಯಿ ಬೇಕೇ ಬೇಕು. ಪೇಟೆಯ ಕಡೆಗೆ ಬಂದರೆ ಸಂತೆ, ಬಸ್ ನಿಲ್ದಾಣ, ಮಾಂಸದ ಅಂಗಡಿಗಳ ಸುತ್ತ ಯಾರದೂ ಅಲ್ಲದ ನಾಯಿಗಳ ಹಿಂಡು. ಈ ಎರಡರ ನಡುವೆ ನಸುಕಿನಲ್ಲಿ ಹಾಲಿನ ಕ್ಯಾನು ಹೊತ್ತು ಹೋಗುವವರು, ರಾತ್ರಿ ಪಾಳಿಯಲ್ಲಿ ನೀರು ಹಾಯಿಸಲು ಹೋಗುವವರು, ಶಾಲೆಗೆ ನಡೆದು ಹೋಗುವ ಮಕ್ಕಳು ಓಡಾಡಬೇಕಾಗಿದೆ.

ನಾಯಿ ಕಚ್ಚಿದರೆ ದವಾಖಾನೆಗೆ ಹೋಗಬೇಕೆಂಬುದು ಈಗ ಬಹುಮಟ್ಟಿಗೆ ಎಲ್ಲರಿಗೂ ತಿಳಿದಿದೆ. ಆದರೆ ಗಾಯದಿಂದಾದ ನಷ್ಟವನ್ನು ಕೇಳಿ ಪಡೆಯುವ ಹಕ್ಕು ಕಾನೂನಿನಲ್ಲಿದೆ ಎಂದು ಬಲ್ಲವರು ಕಡಿಮೆ. ಆ ಹಕ್ಕು ಉಳಿಯುವುದೂ ಅಳಿಯುವುದೂ ಮೊದಲ ಎರಡು ಮೂರು ದಿನಗಳಲ್ಲಿ ಆಗುವ ಕಾಗದಪತ್ರಗಳ ಮೇಲೆ ಎಂಬುದನ್ನು ಅರಿತವರು ಇನ್ನೂ ಕಡಿಮೆ.

ಈ ಮಾತಿಗೆ ಬೆಳಗಾವಿ ಜಿಲ್ಲೆಯದೇ ಒಂದು ಪ್ರಕರಣ ಇದೆ. 2018ರ ನವೆಂಬರಿನಲ್ಲಿ ಬೆಳಗಾವಿ ತಾಲೂಕಿನ ಬಾಳೇಕುಂದ್ರಿ ಬಿ.ಕೆ. ಗ್ರಾಮದಲ್ಲಿ ಎರಡು ವರ್ಷದ ಗಂಡು ಮಗುವೊಂದು ಬೀದಿನಾಯಿಗಳ ದಾಳಿಗೆ ಸಿಕ್ಕು ತೀರಿಕೊಂಡಿತು. ಮಗುವಿನ ತಂದೆ ಹೈಕೋರ್ಟಿನ ಧಾರವಾಡ ಪೀಠಕ್ಕೆ ರಿಟ್ ಅರ್ಜಿ ಸಲ್ಲಿಸಿದರು. 2022ರಲ್ಲಿ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು ತೀರ್ಪು ಕೊಟ್ಟು, ಗ್ರಾಮ ಪಂಚಾಯಿತಿಯು ತಂದೆಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿದರು. ಬೀದಿನಾಯಿಗಳ ಹತೋಟಿ ಸ್ಥಳೀಯ ಸಂಸ್ಥೆಗೆ ಕಾನೂನು ಹೊರಿಸಿದ ಕರ್ತವ್ಯ, ಆ ಕರ್ತವ್ಯದಲ್ಲಿ ತಪ್ಪಿದರೆ ಹೊಣೆಯೂ ಅದರದೇ ಎಂಬುದು ಈ ತೀರ್ಪಿನ ತಿರುಳು. ಹೋದ ಮಗು ಯಾವ ಹಣಕ್ಕೂ ಮರಳಿ ಬರುವುದಿಲ್ಲ. ಆದರೆ “ಬೀದಿನಾಯಿ ಕಚ್ಚಿದರೆ ಯಾರನ್ನು ಕೇಳುವುದು?” ಎಂದು ಕೈಚೆಲ್ಲಿ ಕೂರುತ್ತಿದ್ದ ಹಳ್ಳಿಗರಿಗೆ ಈ ತೀರ್ಪಿನಿಂದ ಒಂದು ದಾರಿ ಸಿಕ್ಕಿತು.

ಮೊದಲು ಗಾಯದ ಮಾತು. ಪರಿಹಾರದ ಕಾಗದಗಳೂ ಇಲ್ಲಿಂದಲೇ ಹುಟ್ಟುತ್ತವೆ. ನಾಯಿ ಕಚ್ಚಿದ ಕೂಡಲೆ ಹರಿಯುವ ನೀರಿನ ಕೆಳಗೆ ಸಾಬೂನು ಹಚ್ಚಿ 15 ನಿಮಿಷ ಬಿಡದೆ ಗಾಯವನ್ನು ತೊಳೆಯಬೇಕು. ಬಾವಿಯ ಪೈಪು ಹತ್ತಿರವಿದ್ದರೆ ಅದೇ ಸಾಕು. ಸುಣ್ಣ, ಖಾರದ ಪುಡಿ, ಅರಿಷಿಣ, ಎಣ್ಣೆ ಯಾವುದನ್ನೂ ಹಚ್ಚಬಾರದು. ನಂತರ ಅದೇ ದಿನ ಸರಕಾರಿ ದವಾಖಾನೆಗೆ ಹೋಗಬೇಕು. ಚರ್ಮದೊಳಗೆ ಕೊಡುವ ಪದ್ಧತಿಯಲ್ಲಿ ಲಸಿಕೆಯನ್ನು ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನಗಳಂದು ಹಾಕುತ್ತಾರೆ. ಸ್ನಾಯುವಿಗೆ ಕೊಡುವುದಾದರೆ 14ನೇ ದಿನವೂ ಒಂದು ಸೇರಿ ಐದಾಗುತ್ತದೆ. ಹಲ್ಲು ಚರ್ಮವನ್ನು ಸೀಳಿ ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಔಷಧವನ್ನು ಗಾಯದ ಸುತ್ತಲೇ ಚುಚ್ಚಬೇಕಾಗುತ್ತದೆ. ಹೊಕ್ಕಳ ಸುತ್ತ 14 ಸೂಜಿ ಚುಚ್ಚುತ್ತಾರೆಂದು ಹಿರಿಯರು ಇನ್ನೂ ಹೆದರಿಸುವುದುಂಟು. ಆ ಹಳೆಯ ಲಸಿಕೆ ದೇಶದಲ್ಲಿ 2005ರ ಹೊತ್ತಿಗೇ ನಿಂತುಹೋಗಿದೆ. ರೇಬೀಸ್ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಮದ್ದಿಲ್ಲ. ಆದ್ದರಿಂದ ಗಾಯ ಮಾಯಿತೆಂದು ನಡುವೆ ಲಸಿಕೆ ಬಿಡುವುದು ಜೀವದ ಜೊತೆ ಆಟವಾಡಿದಂತೆ.

ಇನ್ನು ಕಾಗದದ ಮಾತು. ದವಾಖಾನೆಯಲ್ಲಿ ಚೀಟಿ ಮಾಡಿಸುವಾಗ “ನಾಯಿ ಕಡಿತ” ಎಂದಷ್ಟೇ ಬರೆಸಿ ಬರುವುದು ವಾಡಿಕೆ. ಅದು ಸಾಲದು. ಯಾವ ಊರಿನ ಯಾವ ಸ್ಥಳದಲ್ಲಿ, ಎಷ್ಟು ಗಂಟೆಗೆ ಕಚ್ಚಿತು, ಸಾಕಿದ ನಾಯಿಯೋ ಬೀದಿನಾಯಿಯೋ ಎಂಬುದನ್ನು ವೈದ್ಯರಿಗೆ ಹೇಳಿ ಬರೆಸಬೇಕು. ಹಲ್ಲಿನ ಗುರುತುಗಳು ಎಷ್ಟು, ಗಾಯ ಎಷ್ಟು ಉದ್ದ, ಎಷ್ಟು ಆಳ, ಮಾಂಸ ಕಿತ್ತು ಬಂದಿದೆಯೇ ಎಂಬುದೂ ದಾಖಲಾಗಲಿ. ಇದು ಅತಿಯಾಯಿತೆಂದು ತೋರಬಹುದು. ಆದರೆ 2023ರ ನವೆಂಬರಿನಲ್ಲಿ ಪಂಜಾಬ್ ಮತ್ತು ಹರಿಯಾಣಾ ಹೈಕೋರ್ಟು ಪರಿಹಾರವನ್ನು ಲೆಕ್ಕ ಹಾಕಿದ್ದು ಈ ರೀತಿಯಲ್ಲಿಯೇ: ಒಂದೊಂದು ಹಲ್ಲಿನ ಗುರುತಿಗೆ ಕನಿಷ್ಠ 10,000 ರೂಪಾಯಿ, ಮಾಂಸ ಕಿತ್ತಿದ್ದರೆ ಪ್ರತಿ 0.2 ಸೆಂಟಿಮೀಟರಿಗೆ ಕನಿಷ್ಠ 20,000 ರೂಪಾಯಿ. ಆ ತೀರ್ಪು ಕರ್ನಾಟಕದ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಆದರೂ ವಕೀಲರು ಅದನ್ನು ಮುಂದಿಟ್ಟು ವಾದಿಸಬಹುದು. ಗುರುತುಗಳ ಲೆಕ್ಕವನ್ನೇ ಯಾರೂ ಬರೆದಿಡದಿದ್ದರೆ ವಾದಿಸಲು ಏನು ಉಳಿಯುತ್ತದೆ? ಗಾಯ ತೊಳೆದ ಮೇಲೆ, ಪಟ್ಟಿ ಕಟ್ಟುವ ಮೊದಲು ಮೊಬೈಲಿನಲ್ಲಿ ಒಂದೆರಡು ಫೋಟೋ ತೆಗೆದಿಟ್ಟರೆ ಒಳ್ಳೆಯದು. ಲಸಿಕೆಯ ಕಾರ್ಡು, ಔಷಧ ಅಂಗಡಿಯ ಬಿಲ್ಲು, ಬೆಳಗಾವಿಗೆ ಕಳಿಸಿದ್ದರೆ ಅಲ್ಲಿನ ಕಾಗದ, ಬಸ್ಸಿನ ಟಿಕೆಟ್ಟು ಇವೆಲ್ಲ ಒಂದು ಚೀಲದಲ್ಲಿರಲಿ.

ಪರಿಹಾರ ಕೇಳುವುದು ಯಾರನ್ನು ಎಂಬುದು ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ಆ ನಾಯಿಗೆ ಒಡೆಯನಿದ್ದಾನೆಯೇ?

ಒಡೆಯನಿದ್ದರೆ ಎರಡು ದಾರಿಗಳಿವೆ. ಒಂದು ಪೊಲೀಸ್ ಠಾಣೆಯದು. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ತಕ್ಕ ಎಚ್ಚರ ವಹಿಸದಿರುವುದು ಅಪರಾಧ. ಹಿಂದೆ ಇದು ಭಾರತೀಯ ದಂಡ ಸಂಹಿತೆಯ 289ನೇ ಕಲಮಾಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 291ನೇ ಕಲಮು. ಶಿಕ್ಷೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ದಂಡದ ಹಣದಿಂದ ಗಾಯಾಳುವಿಗೆ ಪರಿಹಾರ ಕೊಡಿಸುವ ಅಧಿಕಾರ ನ್ಯಾಯಾಧೀಶರಿಗೆ ಇದೆಯಾದರೂ ಅದು ದೊಡ್ಡ ಮೊತ್ತವಾಗುವಂತಿಲ್ಲ. ಫಿರ್ಯಾದಿಯ ನಿಜವಾದ ಬೆಲೆ ಬೇರೆಡೆ ಇದೆ. ಪೊಲೀಸರು ಸ್ಥಳಕ್ಕೆ ಬಂದು ಪಂಚನಾಮೆ ಮಾಡುತ್ತಾರೆ, ನೋಡಿದವರ ಹೇಳಿಕೆ ಬರೆದುಕೊಳ್ಳುತ್ತಾರೆ. ಮುಂದೆ ಒಡೆಯನು “ಅದು ನಮ್ಮ ನಾಯಿಯೇ ಅಲ್ಲ” ಎಂದಾಗ ಈ ಕಾಗದವೇ ಮಾತನಾಡುತ್ತದೆ.

ಎರಡನೆಯದು ದಿವಾಣಿ ನ್ಯಾಯಾಲಯದ ದಾರಿ. ನಷ್ಟಕ್ಕೆ ತಕ್ಕ ಹಣ ಬರಬಹುದಾದದ್ದು ಇಲ್ಲಿ. ನಾಯಿ ಕಚ್ಚುವ ಸ್ವಭಾವದ್ದೆಂದು ಒಡೆಯನಿಗೆ ಮೊದಲೇ ಗೊತ್ತಿತ್ತೇ, ಗೊತ್ತಿದ್ದೂ ಕಟ್ಟದೆ ಬಿಟ್ಟಿದ್ದನೇ, ಇಲ್ಲವೆ ಬೇರೆ ರೀತಿಯಲ್ಲಿ ನಿಷ್ಕಾಳಜಿ ಮಾಡಿದ್ದನೇ ಎಂಬುದನ್ನು ನ್ಯಾಯಾಲಯ ನೋಡುತ್ತದೆ. ಅದೇ ನಾಯಿ ಹಿಂದೆ ಯಾರಿಗಾದರೂ ಬಾಯಿ ಹಾಕಿದ್ದರೆ ಅವರ ಸಾಕ್ಷ್ಯ ಬಹಳ ಮುಖ್ಯ. ತೋಟದ ಗೇಟಿಗೆ “ನಾಯಿ ಇದೆ ಎಚ್ಚರಿಕೆ” ಎಂದು ಹಲಗೆ ಹಾಕಿದರೆ ತಮ್ಮ ಹೊಣೆ ತೀರಿತೆಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಆ ಹಲಗೆ ಎರಡೂ ಕಡೆ ಕೊಯ್ಯುತ್ತದೆ. ಬಂದವರಿಗೆ ಎಚ್ಚರಿಕೆ ಕೊಟ್ಟಂತೆಯೂ ಆಯಿತು, ನಾಯಿ ಅಪಾಯದ್ದೆಂದು ಒಡೆಯನಿಗೆ ಗೊತ್ತಿತ್ತು ಎಂಬುದಕ್ಕೆ ಆತನೇ ಬರೆದುಕೊಟ್ಟಂತೆಯೂ ಆಯಿತು. ಮೀಟರು ಓದಲು ಬಂದವರು, ಅಂಚೆಯವರು, ಕೂಲಿಗೆ ಕರೆಸಿಕೊಂಡ ಆಳುಗಳು ತಮ್ಮ ಕೆಲಸಕ್ಕೆ ಬಂದವರು. ಅವರ ಮುಂದೆ ಹಲಗೆ ತೋರಿಸಿ ಪಾರಾಗುವುದು ಕಷ್ಟ. ಆದರೆ ಗಾಯಗೊಂಡವನು ಕಟ್ಟಿದ ನಾಯಿಯನ್ನು ಕಲ್ಲೊಗೆದು ಕೆಣಕಿದ್ದರೆ, ರಾತ್ರಿ ಕಳವಿಗೆಂದು ಹೊಕ್ಕಿದ್ದರೆ ಅವನ ದಾವೆಗೆ ಬಲವಿರುವುದಿಲ್ಲ.

ಅಲೆಮಾರಿ ಕುರಿಹಿಂಡಿನ ನಾಯಿ ಕಚ್ಚಿದಾಗ ಒಂದು ತೊಡಕು ಬರುತ್ತದೆ. ಹಿಂಡು ಎರಡು ದಿನಕ್ಕೆ ಮುಂದಿನ ಊರಿನ ಹೊಲಕ್ಕೆ ಹೋಗಿರುತ್ತದೆ. ಹೊಲದಲ್ಲಿ ಕುರಿ ನಿಲ್ಲಿಸಿಕೊಂಡ ರೈತನಿಗೆ ಕುರಿಗಾರರ ಹೆಸರು, ಊರು ಗೊತ್ತಿರುತ್ತದೆ. ಅದನ್ನು ಅಂದೇ ಕೇಳಿ ಬರೆದಿಡಬೇಕು. ಕಬ್ಬಿನ ಹಂಗಾಮಿನಲ್ಲಿ ಬೀಡ, ವಿಜಯಪುರದ ಕಡೆಯಿಂದ ಬಂದ ಕಡಿಯುವ ಟೋಳಿಗಳ ಮಕ್ಕಳಿಗೆ ಆದ ಕಡಿತದಲ್ಲಿ ಇದು ತಿರುವುಮುರುವು. ಅಲ್ಲಿ ನಾಯಿಯ ಒಡೆಯ ಊರಲ್ಲೇ ಇರುತ್ತಾನೆ, ಗಾಯಗೊಂಡ ಮಗುವೇ ತಂದೆತಾಯಿಯ ಜೊತೆ ಊರು ಬಿಟ್ಟು ಹೋಗಿರುತ್ತದೆ. ಇಂಥ ಮಕ್ಕಳ ಲಸಿಕೆ ಅರ್ಧಕ್ಕೆ ನಿಲ್ಲುವ ಸಂಭವ ಹೆಚ್ಚು. ಉಳಿದ ಲಸಿಕೆಯನ್ನು ಹೋದ ಊರಿನ ಸರಕಾರಿ ದವಾಖಾನೆಯಲ್ಲಿ ಕಾರ್ಡು ತೋರಿಸಿ ಹಾಕಿಸಿಕೊಳ್ಳಬಹುದೆಂದು ಟೋಳಿಯ ಮುಖಂಡನಿಗೆ ತಿಳಿಸುವುದು ಕಬ್ಬಿನ ಮಾಲಕನ ಕೆಲಸ. ಕ್ಷೇತ್ರ ಸಹಾಯಕರೂ ಇದನ್ನು ವಿಚಾರಿಸಬೇಕು.

ನಾಯಿಗೆ ಒಡೆಯನಿಲ್ಲದಿದ್ದರೆ ಹೊಣೆ ಸ್ಥಳೀಯ ಸಂಸ್ಥೆಯ ಮೇಲೆ ಬೀಳುತ್ತದೆ. ಬೀದಿನಾಯಿಗಳನ್ನು ಹಿಡಿದು ಸಂತಾನಹರಣ ಮಾಡಿ, ರೇಬೀಸ್ ಲಸಿಕೆ ಹಾಕುವ ಕೆಲಸವನ್ನು ಪ್ರಾಣಿ ಜನನ ನಿಯಂತ್ರಣ ನಿಯಮಗಳು ಅವುಗಳಿಗೆ ಒಪ್ಪಿಸಿವೆ. ಮೊದಲು 2001ರ ನಿಯಮಗಳಿದ್ದವು, ಈಗ 2023ರವು ಜಾರಿಯಲ್ಲಿವೆ. ಇಲ್ಲಿ ಗಾಯಾಳುವಿನ ಊರು ಯಾವುದೆಂಬುದು ಮುಖ್ಯವಲ್ಲ, ಕಚ್ಚಿದ ಜಾಗ ಯಾವುದೆಂಬುದು ಮುಖ್ಯ. ಮೂಡಲಗಿ ತಾಲೂಕಿನ ರೈತನಿಗೆ ಗೋಕಾಕದ ಮಾರುಕಟ್ಟೆಯಲ್ಲಿ ನಾಯಿ ಕಚ್ಚಿದರೆ ಅರ್ಜಿ ಹೋಗಬೇಕಾದದ್ದು ಗೋಕಾಕ ನಗರಸಭೆಗೆ. ಹುಕ್ಕೇರಿ, ಸಂಕೇಶ್ವರ, ಮೂಡಲಗಿ ಪಟ್ಟಣಗಳಲ್ಲಾದರೆ ಆಯಾ ಪುರಸಭೆಗೆ. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಗೆ.

ಪಟ್ಟಣಗಳ ಮಟ್ಟಿಗೆ ರಾಜ್ಯದ ನಗರಾಭಿವೃದ್ಧಿ ಇಲಾಖೆ 2025ರ ನವೆಂಬರಿನಲ್ಲಿ ಪರಿಹಾರದ ಮೊತ್ತ ಗೊತ್ತುಮಾಡಿ ಆದೇಶ ಹೊರಡಿಸಿತು. ಚರ್ಮ ತೂತಾದ, ಸೀಳಿದ, ಕಪ್ಪಗೆ ಕಂದಿದ, ಹಲವು ಕಡೆ ಕಚ್ಚಿದ ಗಾಯಗಳಿಗೆ 5,000 ರೂಪಾಯಿ. ಅದರಲ್ಲಿ 3,500 ಗಾಯಾಳುವಿನ ಕೈಗೆ, 1,500 ಚಿಕಿತ್ಸೆಯ ಬಾಬತ್ತು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ. ನಾಯಿ ದಾಳಿಯಿಂದಾಗಲಿ ರೇಬೀಸಿನಿಂದಾಗಲಿ ಸಾವಾದರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ. 3,500 ರೂಪಾಯಿ ಕೂಲಿಕಾರನ ಒಂದು ವಾರದ ದುಡಿಮೆಗೂ ಸರಿಹೋಗಲಿಕ್ಕಿಲ್ಲ. ಆದರೂ ಅದನ್ನು ಬಿಡಬಾರದು. ಆ ಹಣ ಕೈಗೆ ಬಂದಾಗ ಸ್ಥಳೀಯ ಸಂಸ್ಥೆಯ ದಾಖಲೆಯಲ್ಲಿಯೇ ಕಡಿತದ ಸಂಗತಿ ಏರಿದಂತಾಗುತ್ತದೆ. ಇದಕ್ಕೂ ಹೆಚ್ಚಿನ ನಷ್ಟವಾಗಿದ್ದರೆ ನ್ಯಾಯಾಲಯಕ್ಕೆ ಹೋಗುವುದನ್ನು ತಡೆಯುವಂಥ ಯಾವ ಕಾಗದಕ್ಕೂ ಓದದೆ ಸಹಿ ಹಾಕಬಾರದು, ಅಷ್ಟೆ. ಬಸ್ ನಿಲ್ದಾಣ, ದವಾಖಾನೆ, ಶಾಲೆಗಳ ಆವರಣದಲ್ಲಿ ಕಚ್ಚಿದ್ದರೆ ಇನ್ನೊಂದು ಮಾತನ್ನೂ ಅರ್ಜಿಯಲ್ಲಿ ಸೇರಿಸಬೇಕು. ಇಂಥ ಸ್ಥಳಗಳಿಂದ ಬೀದಿನಾಯಿಗಳನ್ನು ತೆಗೆದು, ಮತ್ತೆ ಅಲ್ಲಿಗೇ ತಂದು ಬಿಡಬಾರದೆಂದು ಸುಪ್ರೀಂ ಕೋರ್ಟು 2025ರ ನವೆಂಬರ್ 7ರಂದು ಆದೇಶಿಸಿದೆ.

ಹಳ್ಳಿಗಳ ಸ್ಥಿತಿ ಬೇರೆ. ಮೇಲೆ ಹೇಳಿದ ಆದೇಶ ಪಟ್ಟಣಗಳ ಗಡಿಯೊಳಗಿನ ಮಾತು. ಹಳ್ಳಿಯ ಗಾಯಾಳು ಬಾಳೇಕುಂದ್ರಿಯ ತೀರ್ಪನ್ನು ಹಿಡಿದು ಪಂಚಾಯಿತಿಯ ಕದ ತಟ್ಟಬೇಕು. ಅರ್ಜಿಯನ್ನು ಅಭಿವೃದ್ಧಿ ಅಧಿಕಾರಿಗೆ ಬರೆದು, ಒಂದು ಪ್ರತಿಯನ್ನು ತಾಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಕಳಿಸಬೇಕು. ಬಾಯಿಮಾತಿನಲ್ಲಿ ಹೇಳಿ “ಆಯಿತು, ನೋಡೋಣ” ಎಂಬ ಉತ್ತರ ಪಡೆದು ಬರುವುದರಿಂದ ಏನೂ ಸಾಗದು. ತನ್ನ ಪ್ರತಿಯ ಮೇಲೆ ಆವಕ ನಂಬರು, ತಾರೀಖು, ಸಹಿ, ಶಿಕ್ಕಾ ಹಾಕಿಸಿಕೊಳ್ಳಲೇಬೇಕು. ತೆಗೆದುಕೊಳ್ಳಲು ಒಪ್ಪದಿದ್ದರೆ ರಜಿಸ್ಟರ್ಡ್ ಅಂಚೆ ಇದ್ದೇ ಇದೆ. ನಾಯಿಗಳ ಕಾಟದ ಬಗ್ಗೆ ಊರವರು ಮೊದಲೇ ಅರ್ಜಿ ಕೊಟ್ಟಿದ್ದರೆ ಅದರ ನಕಲನ್ನು ಹುಡುಕಿ ಜೋಡಿಸಬೇಕು. ಗೊತ್ತಿದ್ದೂ ಸುಮ್ಮನಿದ್ದರು ಎಂದು ತೋರಿಸಲು ಅದಕ್ಕಿಂತ ಗಟ್ಟಿ ಪುರಾವೆ ಇಲ್ಲ. ಇಂತಿಷ್ಟು ವರ್ಷಗಳಲ್ಲಿ ಎಷ್ಟು ನಾಯಿಗಳಿಗೆ ಸಂತಾನಹರಣ, ಲಸಿಕೆ ಆಗಿದೆಯೆಂದು ಮಾಹಿತಿ ಹಕ್ಕಿನಡಿ ಕೇಳಿದರೆ ಬರುವ ಉತ್ತರವೂ ನ್ಯಾಯಾಲಯದಲ್ಲಿ ಕೆಲಸಕ್ಕೆ ಬರುತ್ತದೆ.

ಎಷ್ಟು ಕೇಳಬೇಕು? ಸಿಟ್ಟಿನಲ್ಲಿ ಬಾಯಿಗೆ ಬಂದ ಲಕ್ಷಗಳನ್ನು ಬರೆದರೆ ನ್ಯಾಯಾಲಯ ಒಪ್ಪುವುದಿಲ್ಲ, ಮೇಲಾಗಿ ದಾವೆಯ ಮೊತ್ತ ಹೆಚ್ಚಿದಂತೆ ಕೋರ್ಟ್ ಫೀಯೂ ಹೆಚ್ಚುತ್ತದೆ. ನಷ್ಟವನ್ನು ಲೆಕ್ಕ ಮಾಡಬೇಕು. ದಿನಕ್ಕೆ 500 ರೂಪಾಯಿ ದುಡಿಯುವ ಆಳಿಗೆ ಬಲಗೈ ಕಚ್ಚಿ 20 ದಿನ ಕೆಲಸ ತಪ್ಪಿತು ಎಂದಿಟ್ಟುಕೊಳ್ಳಿ, ಅಲ್ಲಿಗೆ 10,000 ರೂಪಾಯಿ. ಜೊತೆಗೆ ನಾಲ್ಕು ದಿನ ದವಾಖಾನೆಗೆ ಬಂದ ಮಗನ ಕೂಲಿ 2,000. ಔಷಧ, ಪ್ರಯಾಣ ಬೇರೆ. ಇದರ ಮೇಲೆ ನೋವಿಗೆ, ಉಳಿದ ಊನಕ್ಕೆ, ಮುಖದ ಮೇಲಿನ ಕಲೆಗೆ ಬೇರೆ ಬೇರೆಯಾಗಿ ಕೇಳಬಹುದು. ಬೆರಳು ಮಡಚಲು ಬಾರದಂತಾಗಿದ್ದರೆ ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ ಬೇಕು.

ಸ್ವಂತ ಹೊಲ ಮಾಡುವ ರೈತನಿಗೆ ಪಗಾರದ ಚೀಟಿ ಇರುವುದಿಲ್ಲವೆಂದು ಎದೆಗುಂದಬೇಕಾಗಿಲ್ಲ. ಹಾಲಿನ ಸೊಸೈಟಿಯ ಪುಸ್ತಕದಲ್ಲಿ ಹದಿನೈದು ದಿನ ಹಾಲು ಬಿದ್ದಿಲ್ಲವೆಂದರೆ ಅದೇ ಸಾಕ್ಷಿ. ತನ್ನ ಬದಲು ನೀರು ಹಾಯಿಸಲು ಇಟ್ಟ ಆಳಿಗೆ ಕೊಟ್ಟ ಕೂಲಿಗೆ ಪಾವತಿ ಬರೆಸಿಕೊಂಡರೆ ಅದೂ ಸಾಕ್ಷಿ. ಹೊಲದ ಉತಾರ, ಕಾರ್ಖಾನೆಯ ಕಬ್ಬಿನ ಚೀಟಿ ಜೊತೆಗಿರಲಿ. ಗಾಯಗೊಂಡವಳು ಮನೆಯ ಹೆಣ್ಣುಮಗಳಾದರೆ “ಅವಳದೇನು ಗಳಿಕೆ?” ಎಂದು ಮನೆಯವರೇ ಬಿಟ್ಟುಬಿಡುತ್ತಾರೆ. ಇದು ಸರಿಯಲ್ಲ. ಗೃಹಿಣಿಯ ದುಡಿಮೆಗೆ ಹಣದ ಬೆಲೆ ಕಟ್ಟಬೇಕೆಂದು ವಾಹನ ಅಪಘಾತದ ಪ್ರಕರಣವೊಂದರಲ್ಲಿ 2021ರಲ್ಲಿ ಸುಪ್ರೀಂ ಕೋರ್ಟು ಒತ್ತಿ ಹೇಳಿದೆ. ದನದ ಕೆಲಸ, ಹಿಂಡುವುದು, ಅಡಿಗೆ ಎಲ್ಲವೂ ಲೆಕ್ಕಕ್ಕೆ ಬರುವಂಥವೇ.

ಊರಲ್ಲಿ ಇಂಥ ಪ್ರಕರಣಗಳು ಹೆಚ್ಚಾಗಿ ಗುಡಿಯ ಕಟ್ಟೆಯ ಮೇಲೆ ಹಿರಿಯರ ಮುಂದೆ ಮುಗಿಯುತ್ತವೆ. ಇದರಲ್ಲಿ ತಪ್ಪೇನಿಲ್ಲ. ಒಂದೇ ಕಾಲುವೆಯ ನೀರು ಹಂಚಿಕೊಳ್ಳುವ ಬಾಜೂ ಹೊಲದವರು ನಾಯಿಯ ಸಲುವಾಗಿ ವರ್ಷಾನುಗಟ್ಟಲೆ ಕೋರ್ಟಿಗೆ ಅಲೆಯುವುದು ಇಬ್ಬರಿಗೂ ಒಳ್ಳೆಯದಲ್ಲ. ಆದರೆ ಕಟ್ಟೆಯ ತೀರ್ಮಾನದಲ್ಲಿ ಒಂದು ಅಪಾಯವಿದೆ. ಮೊದಲ ದಿನವೇ ಎರಡು ಸಾವಿರ ಕೊಟ್ಟು “ಮುಗಿಯಿತು” ಎನ್ನುತ್ತಾರೆ. ಗಾಯ ಕೀವಾಗಿ ತಿಂಗಳು ಹಿಡಿದಾಗ ಕೇಳಲು ಬಾಯಿ ಇರುವುದಿಲ್ಲ. ಲಸಿಕೆಯ ಕೊನೆಯ ದಿನ ಮುಗಿಯುವವರೆಗೆ ಪೂರ್ಣ ರಾಜಿ ಬೇಡ. ಆವರೆಗೆ ಕೊಟ್ಟದ್ದು ಔಷಧದ ಖರ್ಚಿಗೆಂದು ಬರೆದಿಡಬೇಕು. ರಾಜಿಯಾಗುವುದೇ ಆದರೆ ತಾಲೂಕು ಕಾನೂನು ಸೇವಾ ಸಮಿತಿಯ ಮುಖಾಂತರ ಲೋಕ ಅದಾಲತಿನಲ್ಲಿ ಆಗುವುದು ಲೇಸು. ಅಲ್ಲಿನ ತೀರ್ಮಾನ ನ್ಯಾಯಾಲಯದ ಡಿಕ್ರಿಗೆ ಸಮ. ಹಣ ಕೊಡದಿದ್ದರೆ ಜಾರಿ ಮಾಡಿಸಬಹುದು. ದಾವೆ ಹಾಕಿದ ಮೇಲೆ ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀಯೂ ಮರಳಿ ಬರುತ್ತದೆ.

ವಕೀಲರ ಫೀ ಎಲ್ಲಿಂದ ತರುವುದೆಂದು ಹಿಂಜರಿಯುವವರಿಗಾಗಿ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವಿದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಇವರಿಗೆ ಆದಾಯ ಎಷ್ಟೇ ಇದ್ದರೂ ಸರಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯದ ಮಿತಿ ಉಂಟು. ಸಮಿತಿಯ ಕಚೇರಿ ತಾಲೂಕಿನ ನ್ಯಾಯಾಲಯದ ಆವರಣದಲ್ಲಿಯೇ ಇರುತ್ತದೆ. 15100 ಎಂಬ ಸಂಖ್ಯೆಗೆ ಫೋನು ಮಾಡಿಯೂ ಕೇಳಬಹುದು.

ಅವಧಿಯ ಬಗ್ಗೆ ಎಚ್ಚರ ಬೇಕು. ಖಾಸಗಿ ಒಡೆಯನ ಮೇಲೆ ಪರಿಹಾರದ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ಅವಧಿ ಇದೆ. ಪುರಸಭೆ, ಪಂಚಾಯಿತಿಗಳ ಮೇಲಾದರೆ ಒಂದೇ ವರ್ಷವೆಂದು ಎದುರು ವಕೀಲರು ವಾದಿಸಲು ಆಸ್ಪದವಿದೆ. ದಾವೆಗೆ ಮುಂಚೆ ನೋಟೀಸು ಕೊಟ್ಟು ಕಾಯಬೇಕಾದ ಸಂದರ್ಭಗಳೂ ಇವೆ. ಆದುದರಿಂದ ಆರು ತಿಂಗಳ ಒಳಗೇ ವಕೀಲರನ್ನು ಕಾಣುವುದು ಕ್ಷೇಮ. ಮಕ್ಕಳ ವಿಷಯದಲ್ಲಿ ಪ್ರಾಯಕ್ಕೆ ಬರುವವರೆಗೆ ಅವಧಿ ಓಡುವುದಿಲ್ಲವಾದರೂ ಅಷ್ಟು ದಿನ ಸಾಕ್ಷಿದಾರರ ನೆನಪು ನಿಲ್ಲುವುದಿಲ್ಲ. ಮಗುವಿನ ಪರವಾಗಿ ತಂದೆಯೋ ತಾಯಿಯೋ ಈಗಲೇ ದಾವೆ ಹೂಡಬಹುದು.

ಇಷ್ಟು ಹೊತ್ತು ಗಾಯಾಳುವಿನ ಪರವಾಗಿ ಹೇಳಿದ್ದಾಯಿತು. ಆದರೆ ಈ ಪತ್ರಿಕೆಯನ್ನು ಓದುವ ರೈತರಲ್ಲಿ ನಾಯಿ ಸಾಕಿದವರೇ ಹೆಚ್ಚು. ನಾಳೆ ನೋಟೀಸು ಬಂದರೆ ಅವರ ಮನೆಗೇ ಬರಬಹುದು. ಮರಿಗೆ ಮೂರು ತಿಂಗಳಾದಾಗ ಮೊದಲ ರೇಬೀಸ್ ಲಸಿಕೆ ಹಾಕಿಸಿ, ಆಮೇಲೆ ವೈದ್ಯರು ಹೇಳಿದಂತೆ ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಿ ಪಶು ಚಿಕಿತ್ಸಾಲಯದ ಪ್ರಮಾಣಪತ್ರ ಇಟ್ಟುಕೊಳ್ಳಬೇಕು. ಹಗಲು ಆಳುಕಾಳು ಓಡಾಡುವಾಗ ನಾಯಿಯನ್ನು ಸರಪಳಿಯಿಂದ ಕಟ್ಟಬೇಕು. ಕಾಲುದಾರಿ, ಬಂಡಿದಾರಿಯ ಅಂಚಿಗೆ ಕಟ್ಟಬಾರದು. ಕಚ್ಚಿದ ನಾಯಿಯನ್ನು ಸಿಟ್ಟಿನಲ್ಲಿ ಕೊಲ್ಲುವುದಾಗಲಿ ದೂರ ಬಿಟ್ಟು ಬರುವುದಾಗಲಿ ಕೂಡದು. ಹತ್ತು ದಿನ ಕಟ್ಟಿ ಅದರ ಮೇಲೆ ಕಣ್ಣಿಡಬೇಕು. ಅದು ಆರೋಗ್ಯವಾಗಿ ಉಳಿಯಿತೆಂದರೆ ಗಾಯಾಳುವಿನ ಅರ್ಧ ಚಿಂತೆ ಕಳೆದಂತೆ. ಅದು ಸತ್ತರೆ ಅಥವಾ ವರ್ತನೆ ಬದಲಾದರೆ ತಕ್ಷಣ ದವಾಖಾನೆಗೂ ಪಶುವೈದ್ಯರಿಗೂ ಸುದ್ದಿ ಮುಟ್ಟಿಸಬೇಕು. ಹಾಗೆಂದು ಈ ಹತ್ತು ದಿನ ಲಸಿಕೆ ಹಾಕಿಸದೆ ಕಾಯುವುದಲ್ಲ. ಲಸಿಕೆ ಮೊದಲ ದಿನವೇ ಆಗಬೇಕು.

ಕೊನೆಗೆ ದನಕರುಗಳ ಮಾತು. ಬಾಜೂದವರ ನಾಯಿ ಎಮ್ಮೆಯನ್ನೋ ಹೋರಿಯನ್ನೋ ಕಚ್ಚಿ ಅದು ಸತ್ತರೆ ಅದರ ಬೆಲೆಯನ್ನೂ ಒಡೆಯನಿಂದ ಕೇಳಬಹುದು. ಕಚ್ಚಿದ ದಿನವೇ ಪಶುವೈದ್ಯರಿಂದ ಗಾಯದ ದಾಖಲೆ, ಸತ್ತರೆ ಮರಣೋತ್ತರ ಪರೀಕ್ಷೆಯ ವರದಿ, ಕಿವಿಯ ಓಲೆಯ ಸಂಖ್ಯೆ, ಸಂತೆಯಲ್ಲಿ ಕೊಂಡ ಚೀಟಿ ಇವಿಷ್ಟು ಬೇಕು. ಕಚ್ಚಿಸಿಕೊಂಡ ದನಕ್ಕೂ ಗಾಯ ತೊಳೆದು, ವೈದ್ಯರು ಹೇಳಿದ ದಿನಗಳಂದು ಲಸಿಕೆ ಹಾಕಿಸಬೇಕು. ಹುಚ್ಚು ಹಿಡಿದ ಲಕ್ಷಣ ತೋರಿದ ದನದ ಬಾಯಿಗೆ ಕೈ ಹಾಕಿ ಔಷಧ ಕುಡಿಸಲು ಹೋಗಬಾರದು. ಅದರ ಹಾಲನ್ನು ಮನೆಯಲ್ಲಿ ಬಳಸಬಾರದು, ಸೊಸೈಟಿಗೂ ಹಾಕಬಾರದು. ಅದಾಗಲೇ ಹಸಿಹಾಲು ಕುಡಿದವರು ಮನೆಯಲ್ಲಿದ್ದರೆ, ಅದರ ಜೊಲ್ಲು ಯಾರ ಗಾಯಕ್ಕಾದರೂ ತಗುಲಿದ್ದರೆ, ಅವರು ಅದೇ ದಿನ ದವಾಖಾನೆಗೆ ಹೋಗಿ ತೋರಿಸಿಕೊಂಡು, ಆ ಚೀಟಿಯನ್ನೂ ಉಳಿದ ಕಾಗದಗಳ ಚೀಲದಲ್ಲಿಯೇ ಇಡಬೇಕು.